ಕೆಂಪು ದೀಪ ಮೂರನೇ ಡಿಸ್ಕಿನದು, ಚಿಂತೆ ಮೊದಲನೆಯದರದ್ದು

ಪ್ರಶ್ನೆ: ಮನೆಯ ಸ್ಟೋರೇಜ್ ಸರ್ವರ್‌ನಲ್ಲಿ 4 ಟೆರಾಬೈಟ್‌ನ ನಾಲ್ಕು ಹಾರ್ಡ್ ಡಿಸ್ಕ್‌ಗಳಿವೆ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ 5 ಮಾಡಿದ್ದೇನೆ, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ನಾಲ್ಕನ್ನೂ ಒಂದಾಗಿ ಕಟ್ಟಿದ್ದೇನೆ. ನಾಲ್ಕನ್ನೂ ಒಟ್ಟಿಗೇ ಕೊಂಡದ್ದು, ಸುಮಾರು 38,000 ಗಂಟೆ ಓಡಿವೆ. ಮೊನ್ನೆ ಮೂರನೇ ಡಿಸ್ಕಿನ ದೀಪ ಕೆಂಪಾಗಿ, ರೇಡ್ 'ಡಿಗ್ರೇಡೆಡ್' (ಒಂದು ಡಿಸ್ಕ್ ಇಲ್ಲದೆ ಓಡುತ್ತಿದೆ) ಎಂದು ತೋರಿಸುತ್ತಿದೆ. ಆ ಡಿಸ್ಕನ್ನು ಒಮ್ಮೆ ತೆಗೆದು ಹಾಕಿದೆ. ಲಿನಕ್ಸ್ ಅದನ್ನು ಗುರುತಿಸಿತು, ಆದರೆ ರೇಡ್ ತಾನಾಗಿ ಸೇರಿಸಿಕೊಳ್ಳಲಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ಮಾತ್ರ 'ಪಾಸ್ಡ್' ಎನ್ನುತ್ತದೆ. ನಾಲ್ಕೂ ಡಿಸ್ಕ್‌ಗಳ ಅಂಕಿಗಳನ್ನು ಜೊತೆಗೆ ಕಳಿಸಿದ್ದೇನೆ. ಹೊಸ ಡಿಸ್ಕ್ ತಂದು ಹಾಕಿ ರೀಬಿಲ್ಡ್ ಮಾಡಿಬಿಡಲೇ? ಮನೆಮಂದಿಯ ಫೋಟೋಗಳೆಲ್ಲ ಅದರಲ್ಲೇ ಇವೆ, ಬ್ಯಾಕಪ್ ಎರಡು ವರ್ಷ ಹಳೆಯದು.

ಉತ್ತರ: ಬೇಡ. ಹೊಸ ಡಿಸ್ಕ್ ತರಿಸಿಕೊಳ್ಳಿ, ಸಾಧ್ಯವಾದರೆ ಎರಡು ತರಿಸಿಕೊಳ್ಳಿ, ಆದರೆ ಈಗಲೇ ಹಾಕಬೇಡಿ. ಹೊರಬಿದ್ದ ಮೂರನೇ ಡಿಸ್ಕನ್ನು ಎಸೆಯುವುದು, ಫಾರ್ಮ್ಯಾಟ್ ಮಾಡುವುದು, ವಾರಂಟಿಗೆ ಕಳಿಸುವುದು ಯಾವುದೂ ಬೇಡ. ಸದ್ಯಕ್ಕೆ ನಿಮ್ಮ ಫೋಟೋಗಳಿಗೆ ಇರುವ ಕಾವಲು ಅದೊಂದೇ. ಕಾರಣ ನೀವೇ ಕಳಿಸಿದ ಅಂಕಿಗಳಲ್ಲಿದೆ.

ದೀಪ ಕೆಂಪಾದದ್ದು ಮೂರನೆಯದರಲ್ಲಿ, ಹಾಗಾಗಿ ನಿಮ್ಮ ಗಮನವೆಲ್ಲ ಅದರ ಮೇಲಿದೆ. ಮೊದಲನೇ ಡಿಸ್ಕಿನ ವರದಿಯಲ್ಲಿ 197 ಎಂಬ ಸಂಖ್ಯೆಯಿರುವ ಸಾಲನ್ನು ನೋಡಿ. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂಬುದರ ಎದುರು 8 ಎಂದಿದೆ. ಓದಲು ಹೋಗಿ ಓದಲಾಗದೆ, 'ಮುಂದೆ ನೋಡೋಣ' ಎಂದು ಡಿಸ್ಕ್ ಬದಿಗಿಟ್ಟಿರುವ ಸೆಕ್ಟರ್‌ಗಳ, ಅಂದರೆ ಡೇಟಾ ಬರೆಯುವ ಪುಟ್ಟ ತುಂಡುಗಳ, ಲೆಕ್ಕ ಅದು. ಈಗಿನ ಡಿಸ್ಕ್‌ಗಳ ನಿಜವಾದ ಸೆಕ್ಟರ್ 4,096 ಬೈಟ್‌ನದು; ಹೊರಗೆ ಮಾತ್ರ 512 ಬೈಟ್‌ನ ಎಂಟು ಸೆಕ್ಟರ್‌ಗಳೆಂದು ತೋರಿಸಿಕೊಳ್ಳುತ್ತದೆ. ಅದಕ್ಕೇ ಈ ಅಂಕಿ ಅನೇಕ ಡಿಸ್ಕ್‌ಗಳಲ್ಲಿ ಎಂಟರ ಗುಣಕವಾಗಿ ಏರುತ್ತದೆ. ನಿಮ್ಮ ಮೊದಲನೇ ಡಿಸ್ಕಿನಲ್ಲಿ ಒಂದು ಜಾಗ ಕೆಟ್ಟಿದೆ, ಮೂರನೆಯದರಲ್ಲಿ 24 ಇರುವುದರಿಂದ ಮೂರು ಜಾಗ ಕೆಟ್ಟಿವೆ ಎಂದು ಓದಿಕೊಳ್ಳಬಹುದು.

ರೇಡ್ 5ರಲ್ಲಿ ಒಂದು ಡಿಸ್ಕ್ ಇಲ್ಲದಿರುವಾಗ ಅದರಲ್ಲಿದ್ದ ಪ್ರತಿಯೊಂದು ತುಣುಕನ್ನೂ ಉಳಿದ ಮೂರನ್ನೂ ಓದಿ, ಪ್ಯಾರಿಟಿಯಿಂದ (ರೇಡ್ ಡೇಟಾದ ಜೊತೆಗೆ ಬರೆದಿಡುವ ತಾಳೆ ಲೆಕ್ಕದಿಂದ) ಹುಟ್ಟಿಸಬೇಕು. ಮೂರರಲ್ಲಿ ಒಂದು ಓದಲಾಗದಿದ್ದರೂ ಆ ತುಣುಕು ಹೋಯಿತೆಂದೇ ಅರ್ಥ. ಖಾಲಿ ಡಿಸ್ಕ್ ಹಾಕಿ ರೀಬಿಲ್ಡ್ ಶುರುಮಾಡಿದರೆ ಅದು ಉಳಿದ ಮೂರು ಡಿಸ್ಕ್‌ಗಳನ್ನು ತುದಿಯಿಂದ ತುದಿಗೆ, ಒಟ್ಟು 12 ಟೆರಾಬೈಟ್, ಓದುತ್ತದೆ. ದಾರಿಯಲ್ಲಿ ಮೊದಲನೇ ಡಿಸ್ಕಿನ ಆ ಕೆಟ್ಟ ಜಾಗ ಎದುರಾಗಿಯೇ ಆಗುತ್ತದೆ. ಆಗ ಲಿನಕ್ಸ್ ರೇಡ್ ಮೊದಲನೇ ಡಿಸ್ಕನ್ನೂ ಹೊರಗೆ ಹಾಕಿದರೆ ಇಡೀ ಗುಂಪು ಮಲಗುತ್ತದೆ.

'ರೇಡ್ 5 ರೀಬಿಲ್ಡ್ ಮಾಡುವಾಗ ಕೈಕೊಡುವುದು ಖಂಡಿತ' ಎಂಬ ಮಾತನ್ನು ನೀವು ಓದಿರಬಹುದು. 10ರ 14ನೇ ಘಾತದಷ್ಟು ಬಿಟ್ ಓದಿದರೆ ಒಂದು ತಪ್ಪು ಎಂದು ಡಿಸ್ಕಿನ ವಿವರಪಟ್ಟಿಯಲ್ಲಿ ಬರೆದಿರುತ್ತದೆ, ಅಂದರೆ 12.5 ಟೆರಾಬೈಟ್‌ಗೆ ಒಂದು. ಆ ಲೆಕ್ಕವನ್ನು ಹಾಗೆಯೇ ಗುಣಿಸಿ ಹೆದರಿಸುವವರು ಬಹಳ. ಅದು ಮೀರಬಾರದ ಮಿತಿಯೇ ಹೊರತು ಸರಾಸರಿ ಅಲ್ಲ. ಆರೋಗ್ಯವಾಗಿರುವ ಡಿಸ್ಕ್‌ಗಳು ತಿಂಗಳು ತಿಂಗಳೂ ಅದಕ್ಕಿಂತ ಹೆಚ್ಚು ಓದಿಸಿಕೊಂಡು ಒಂದೂ ತಪ್ಪಿಲ್ಲದೆ ಇರುತ್ತವೆ. ಆ ಹೆದರಿಕೆಯನ್ನು ನಾನು ಮಾನ್ಯ ಮಾಡುವುದಿಲ್ಲ. ನಿಮ್ಮ ವಿಷಯವೇ ಬೇರೆ. ನಿಮ್ಮಲ್ಲಿರುವುದು ಸಂಭವನೀಯತೆಯಲ್ಲ, ವಿಳಾಸ ಗೊತ್ತಿರುವ ಕೆಟ್ಟ ಜಾಗ.

'ಪಾಸ್ಡ್' ಎಂಬ ಪದವನ್ನು ಮರೆತುಬಿಡಿ. ತಯಾರಕರು ತಾವೇ ಇಟ್ಟುಕೊಂಡ ಮಿತಿಯನ್ನು ಯಾವ ಅಂಕಿಯೂ ದಾಟಿಲ್ಲ ಎಂಬುದಷ್ಟೇ ಅದರ ಅರ್ಥ, ಆ ಮಿತಿಯೂ ತೀರಾ ಉದಾರವಾಗಿರುತ್ತದೆ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಮುಖ್ಯವಾದ ನಾಲ್ಕು ಸ್ಮಾರ್ಟ್ ಅಂಕಿಗಳಲ್ಲಿ ಯಾವ ಸುಳಿವನ್ನೂ ಕೊಟ್ಟಿರಲಿಲ್ಲ. ಸುಳಿವು ಕೊಟ್ಟಾಗ ಮಾತ್ರ ನಂಬಬೇಕು: ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ತಪ್ಪು ಕಂಡ ಡಿಸ್ಕ್, ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ ತಪ್ಪಿಲ್ಲದ ಡಿಸ್ಕಿಗಿಂತ 39 ಪಟ್ಟು ಎಂದೂ ಅದೇ ಅಧ್ಯಯನ ಹೇಳಿತ್ತು. ಒಳ್ಳೆಯ ಅಂಕಿಯಿಂದ ಸಮಾಧಾನ ಪಡಬೇಡಿ, ಕೆಟ್ಟ ಅಂಕಿಯನ್ನು ಕಡೆಗಣಿಸಬೇಡಿ.

ಈಗ ಮೂರನೇ ಡಿಸ್ಕಿಗೆ ಬರೋಣ. ಅದರಲ್ಲಿ ಎರಡು ಅಂಕಿಗಳು ಎರಡು ಬೇರೆ ಕಥೆ ಹೇಳುತ್ತಿವೆ. 197ರಲ್ಲಿ 24 ಎಂದರೆ ತಟ್ಟೆಯ ಮೇಲೆ ಓದಲಾಗದ ಜಾಗವಿದೆ. 199ನೆಯದು, ಅಂದರೆ ಯುಡಿಎಂಎ ಸಿಆರ್‌ಸಿ ತಪ್ಪುಗಳು, 312 ಇದೆ. ಇದು ತಟ್ಟೆಯದ್ದಲ್ಲ; ಡಿಸ್ಕಿನಿಂದ ಮದರ್‌ಬೋರ್ಡಿಗೆ ಬರುವ ದಾರಿಯಲ್ಲಿ ಡೇಟಾ ಕೆಟ್ಟಿತೆಂಬ ಲೆಕ್ಕ. ಸಾಟಾ ಕೇಬಲ್, ಸ್ಲಾಟ್‌ನ ಹಿಂದಿನ ಕನೆಕ್ಟರ್, ಅಪರೂಪಕ್ಕೆ ಕಂಟ್ರೋಲರ್, ಇವುಗಳ ಮೇಲೆ ಅನುಮಾನ ಪಡಬೇಕು. ಐದನೇ ಸಾಲು (5 ಎಂಬ ಸಂಖ್ಯೆಯಿರುವುದು), ರೀಅಲೊಕೇಟೆಡ್ ಸೆಕ್ಟರ್, ಅಂದರೆ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ ಲೆಕ್ಕ, ಇನ್ನೂ 0 ಇದೆ. ಅದರಿಂದ ಡಿಸ್ಕ್ ಚೆನ್ನಾಗಿದೆ ಎಂದೇನೂ ಆಗುವುದಿಲ್ಲ. ಸಾಮಾನ್ಯವಾಗಿ, ಕೆಟ್ಟ ಸೆಕ್ಟರಿಗೆ ಹೊಸದಾಗಿ ಏನಾದರೂ ಬರೆದಾಗಲೇ ಡಿಸ್ಕ್ ಅದನ್ನು ಬದಲಿ ಜಾಗಕ್ಕೆ ಸಾಗಿಸುತ್ತದೆ. ಆ ಜಾಗಗಳಿಗೆ ಇನ್ನೂ ಯಾರೂ ಬರೆದಿಲ್ಲ, ಅಷ್ಟೇ.

ಯಾವ ಕಾರಣಕ್ಕೆ ಅದು ಹೊರಬಿತ್ತು ಎಂದು ತಿಳಿಯಲು ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್‌ನಲ್ಲಿ ಆ ಹೊತ್ತಿನ ಸಾಲುಗಳನ್ನು ನೋಡಿ. 'ಐಸಿಆರ್‌ಸಿ' ಎಂಬ ಅಕ್ಷರಗಳಿದ್ದರೆ ದೋಷ ಕೇಬಲ್‌ನ ಕಡೆಯದು. 'ಯುಎನ್‌ಸಿ' ಎಂದಿದ್ದರೆ ತಟ್ಟೆಯದು. ಎರಡೂ ಇಲ್ಲದೆ ಬರೀ ಟೈಮ್‌ಔಟ್, ಅದರ ಬೆನ್ನಿಗೇ ಲಿಂಕ್ ರೀಸೆಟ್ ಎಂಬ ಸಾಲುಗಳು ಕಂಡರೆ ಮೂರನೆಯ ಸಾಧ್ಯತೆಯೊಂದಿದೆ. ಮನೆಯ ಸರ್ವರ್‌ಗಳಲ್ಲಿ ಡಿಸ್ಕ್ ಸಾಯದೆಯೇ ಸತ್ತಂತೆ ಕಾಣುವುದಕ್ಕೆ ಅದು ದೊಡ್ಡ ಕಾರಣ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಡೆಸ್ಕ್‌ಟಾಪ್ ಬಳಕೆಗೆಂದು ಮಾಡಿದ ಡಿಸ್ಕ್ ಕೆಟ್ಟ ಸೆಕ್ಟರ್ ಎದುರಾದರೆ ಪಟ್ಟು ಬಿಡದೆ ಮತ್ತೆ ಮತ್ತೆ ಓದಲು ನೋಡುತ್ತದೆ, ಒಮ್ಮೊಮ್ಮೆ ಎರಡು ನಿಮಿಷದವರೆಗೂ. ಒಂಟಿ ಡಿಸ್ಕಿನ ಕಂಪ್ಯೂಟರಿನಲ್ಲಿ ಅದು ಒಳ್ಳೆಯದೇ, ಬೇರೆ ಪ್ರತಿ ಇಲ್ಲವಲ್ಲ. ರೇಡ್‌ನಲ್ಲಿ ಹಾಗಲ್ಲ. ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಮಾತ್ರ ಕಾಯುತ್ತದೆ; ಉತ್ತರ ಬರದಿದ್ದರೆ ಡಿಸ್ಕನ್ನು ರೀಸೆಟ್ ಮಾಡುತ್ತದೆ, ಡಿಸ್ಕ್ ಆಗಲೂ ತನ್ನ ಹಟದಲ್ಲೇ ಇರುತ್ತದೆ, ಕೊನೆಗೆ ರೇಡ್ ಅದನ್ನು ಹೊರಹಾಕುತ್ತದೆ. ಒಂದೇ ಒಂದು ಕೆಟ್ಟ ಸೆಕ್ಟರಿಗಾಗಿ ಇಡೀ ಡಿಸ್ಕ್ ಹೋಗುತ್ತದೆ. ಸರ್ವರ್‌ಗೆಂದೇ ಮಾಡಿದ ಡಿಸ್ಕ್‌ಗಳು ಸಾಮಾನ್ಯವಾಗಿ 7 ಸೆಕೆಂಡಿನಲ್ಲಿ ಕೈಚೆಲ್ಲಿ 'ಓದಲಾಗಲಿಲ್ಲ' ಎಂದು ಒಪ್ಪಿಕೊಳ್ಳುತ್ತವೆ, ರೇಡ್ ತಕ್ಷಣ ಉಳಿದವುಗಳಿಂದ ಲೆಕ್ಕ ಹಾಕಿ ಆ ಜಾಗವನ್ನು ತಿದ್ದಿ ಬರೆಯುತ್ತದೆ. ನಿಮ್ಮ ಡಿಸ್ಕ್‌ಗಳಿಗೆ ಈ ಸೌಲಭ್ಯ ಇದೆಯೇ ಎಂದು ಸ್ಮಾರ್ಟ್ ವರದಿ ಓದುವ ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶದಲ್ಲಿ 'ಎಸ್‌ಸಿಟಿ ಇಆರ್‌ಸಿ' ಸಾಲನ್ನು ಕೇಳಿ ನೋಡಿ. ಇದ್ದು ಆಫ್ ಆಗಿದ್ದರೆ ಓದುವುದಕ್ಕೂ ಬರೆಯುವುದಕ್ಕೂ 70 ಎಂದು ಕೊಡಿ. ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಅಂದರೆ 7 ಸೆಕೆಂಡ್. ಇಲ್ಲವೇ ಇಲ್ಲವಾದರೆ ಕರ್ನಲ್ ಕಾಯುವ ಹೊತ್ತನ್ನೇ ಆ ಡಿಸ್ಕ್‌ಗಳಿಗೆ 180 ಸೆಕೆಂಡಿಗೆ ಏರಿಸಿ. ಅನೇಕ ಡಿಸ್ಕ್‌ಗಳು ವಿದ್ಯುತ್ ಹೋದೊಡನೆ ಈ ಹೊಂದಿಕೆಯನ್ನು ಮರೆಯುತ್ತವೆ. ಆದ್ದರಿಂದ ಸರ್ವರ್ ಆನ್ ಆದಾಗ ತಾನಾಗಿ ನಡೆಯುವಂತೆ ಬರೆದಿಡಿ. ಮುಂದೆ ಹೇಳುವ ಯಾವ ಕೆಲಸಕ್ಕೂ ಮೊದಲು ಇದು ಆಗಿರಲೇಬೇಕು. ಇಲ್ಲದಿದ್ದರೆ ಮೂರನೆಯದಕ್ಕೆ ಆದದ್ದೇ ಮೊದಲನೆಯದಕ್ಕೂ ಆಗುತ್ತದೆ.

ಕೆಲಸ ಶುರುಮಾಡುವ ಮೊದಲು ಒಂದು ಎಚ್ಚರಿಕೆ. ಯಾವುದಾದರೂ ಡಿಸ್ಕಿನಿಂದ ಒಂದೇ ಲಯದಲ್ಲಿ ಟಕ್ ಟಕ್ ಸದ್ದು ಬರುತ್ತಿದ್ದರೆ ಅದರ ವಿದ್ಯುತ್ತನ್ನು ಆಗಲೇ ತೆಗೆದುಬಿಡಿ. ತಟ್ಟೆಗೂ ಓದುವ ತಲೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ತಲೆ ಕೆಟ್ಟು ತಟ್ಟೆಗೆ ತಾಗುತ್ತಿದ್ದರೆ ತಿರುಗಿದ ಪ್ರತಿ ಸುತ್ತೂ ಡೇಟಾವನ್ನು ಕೆರೆದು ಹಾಕುತ್ತದೆ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ, ಒಳಗೆ ತೇವ ಕಟ್ಟುತ್ತದೆ. ಮುಚ್ಚಳ ಬಿಚ್ಚಬೇಡಿ. ಆ ಡಿಸ್ಕ್ ಇನ್ನು ಡೇಟಾ ರಿಕವರಿ ಮಾಡುವವರ ಕೈಗೇ ಹೋಗಬೇಕು. ನೀವು ಸದ್ದಿನ ಬಗ್ಗೆ ಏನೂ ಬರೆದಿಲ್ಲ, ಹಾಗಾಗಿ ಸದ್ದಿಲ್ಲ ಎಂದುಕೊಂಡು ಮುಂದುವರಿಯುತ್ತೇನೆ.

ಮೊದಲ ಕೆಲಸ, ರೇಡ್‌ಗೆ ಹೊಸದೇನೂ ಬರೆಯದಂತೆ ತಡೆಯುವುದು. ಮೊಬೈಲ್‌ಗಳ ತಾನಾಗಿ ನಡೆಯುವ ಅಪ್‌ಲೋಡ್, ಕ್ಯಾಮೆರಾ ರೆಕಾರ್ಡಿಂಗ್, ಡೌನ್‌ಲೋಡ್ ಎಲ್ಲವನ್ನೂ ನಿಲ್ಲಿಸಿ, ಫೈಲ್ ಸಿಸ್ಟಮನ್ನು ಓದಲು ಮಾತ್ರ ಮೌಂಟ್ ಮಾಡಿ. ನಂತರ ಫೋಟೋಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ. ಮತ್ತೆ ಸಿಗದಂಥವು ಮೊದಲು, ಸಿನಿಮಾಗಳು ಕೊನೆಗೆ. ನಕಲು ಮಾಡುವುದು ರೀಬಿಲ್ಡ್‌ನಷ್ಟು ಅಪಾಯದ ಕೆಲಸವಲ್ಲ. ಅದು ಫೈಲ್‌ಗಳಿರುವ ಜಾಗವನ್ನಷ್ಟೇ ಓದುತ್ತದೆ. ಕೆಟ್ಟ ಜಾಗದ ಮೇಲೆ ಯಾವುದಾದರೂ ಫೈಲ್ ಕುಳಿತಿದ್ದರೆ ಆ ಹೆಸರಿನೊಂದಿಗೇ ದೋಷ ತೋರಿಸುತ್ತದೆ, ಬರೆದಿಟ್ಟುಕೊಳ್ಳಿ. ನಕಲಾದ ಫೋಟೋಗಳಲ್ಲಿ ಅಲ್ಲೊಂದು ಇಲ್ಲೊಂದು ತೆರೆದು ನೋಡಿ. ಈ ಹಂತ ಮುಗಿಯುವವರೆಗೆ ಮುಂದಿನದನ್ನು ಓದಿದರೂ ಕೈಹಾಕಬೇಡಿ.

ಆಮೇಲೆ ಸರ್ವರ್ ಆಫ್ ಮಾಡಿ ನಾಲ್ಕೂ ಡಿಸ್ಕ್‌ಗಳ ಸೀರಿಯಲ್ ನಂಬರ್‌ಗಳನ್ನು ಸ್ಲಾಟ್‌ಗಳ ಸಮೇತ ಕಾಗದದ ಮೇಲೆ ಬರೆಯಿರಿ. ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಬೇಡಿ, ಅವು ಒಂದು ರೀಬೂಟ್‌ಗೆ ಬದಲಾಗಬಹುದು. ಡಿಗ್ರೇಡ್ ಆದ ರೇಡ್‌ನಿಂದ ಚೆನ್ನಾಗಿರುವ ಡಿಸ್ಕನ್ನು ಎಳೆದು ಎಲ್ಲವನ್ನೂ ಕಳೆದುಕೊಂಡವರು ಹೆಚ್ಚಿನವರು ಈ ಒಂದು ಗೊಂದಲದಿಂದಲೇ.

ಮೂರನೇ ಡಿಸ್ಕಿನ ಸಾಟಾ ಕೇಬಲ್ ಬದಲಿಸಿ. ಕೇಬಲ್ ಇಲ್ಲದೆ ನೇರ ಸ್ಲಾಟಿಗೆ ಕೂರುವ ಪೆಟ್ಟಿಗೆಯಾದರೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ. ಸ್ಮಾರ್ಟ್‌ನ ಉದ್ದ ಪರೀಕ್ಷೆ ನಡೆಸಿ. 4 ಟೆರಾಬೈಟ್‌ಗೆ ಏಳೆಂಟು ಗಂಟೆ ಹಿಡಿಯುತ್ತದೆ. ಅದು ಡಿಸ್ಕಿನೊಳಗೇ ನಡೆಯುವ ಪರೀಕ್ಷೆಯಾದ್ದರಿಂದ ಕೇಬಲ್‌ನ ಗುಣ ತಿಳಿಯುವುದಿಲ್ಲ. ಅದಕ್ಕಾಗಿ ಡಿಸ್ಕಿನಿಂದ ಒಂದಷ್ಟು ಗಿಗಾಬೈಟ್ ಓದಿಸಿ 199ನೇ ಸಾಲನ್ನು ಮತ್ತೆ ನೋಡಿ. 312 ಎಂಬುದು ಎಂದೂ ಇಳಿಯುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 312ರಲ್ಲೇ ನಿಂತಿದ್ದರೆ ಹಳೆಯ ಕೇಬಲ್ ಅಥವಾ ಸ್ಲಾಟ್ ತಪ್ಪಿತಸ್ಥ. ಏರುತ್ತಲೇ ಇದ್ದರೆ ಡಿಸ್ಕಿನದೇ ಸರ್ಕ್ಯೂಟ್ ಬೋರ್ಡ್ ಅಥವಾ ಕಂಟ್ರೋಲರ್ ಇರಬಹುದು.

ವಿದ್ಯುತ್ತನ್ನೂ ಮರೆಯಬೇಡಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ ಎಂಟು. ಹಳತಾದ ಅಡಾಪ್ಟರ್ ಅದನ್ನು ತಾಳದೆ ವೋಲ್ಟೇಜ್ ಇಳಿದಾಗಲೂ ಡಿಸ್ಕ್ ಹೊರಬೀಳುತ್ತದೆ. ಇವತ್ತು ಮೂರನೆಯದು, ನಾಳೆ ಎರಡನೆಯದು ಎಂದು ಸರದಿಯ ಮೇಲೆ ಬೀಳುತ್ತಿದ್ದರೆ ಡಿಸ್ಕ್‌ಗಳನ್ನು ಬಿಟ್ಟು ಅಡಾಪ್ಟರ್ ಬದಲಿಸಿ.

ಪರೀಕ್ಷೆಯಲ್ಲಿ ಮೂರನೇ ಡಿಸ್ಕ್ ಮೂರು ಕೆಟ್ಟ ಜಾಗಗಳನ್ನು ಬಿಟ್ಟು ಉಳಿದಂತೆ ಓದುತ್ತದೆ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಕೈಯಲ್ಲಿರುವುದು ಎರಡು ರೋಗಿ ಡಿಸ್ಕ್‌ಗಳು. ಪಾಠ ಕೇಳುವಾಗ ಬೇರೆ ಬೇರೆ ಹೊತ್ತಿನಲ್ಲಿ ತೂಕಡಿಸಿದ ಇಬ್ಬರು ಹುಡುಗರ ಟಿಪ್ಪಣಿ ಸೇರಿಸಿದರೆ ಪಾಠ ಪೂರ್ತಿಯಾಗುವುದಿಲ್ಲವೇ, ಹಾಗೆ ಇವೆರಡೂ ಸೇರಿದರೆ ಡೇಟಾ ಪೂರ್ತಿಯಾಗುತ್ತದೆ. ಎರಡರ ಕೆಟ್ಟ ಜಾಗವೂ ಒಂದೇ ಸ್ಥಾನದಲ್ಲಿ ಬೀಳುವ ಸಾಧ್ಯತೆ ತೀರಾ ಕಡಿಮೆ. ಖಾಲಿ ಹೊಸ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಮೊದಲನೇ ಡಿಸ್ಕಿನ ಆ 4,096 ಬೈಟ್‌ಗಳನ್ನು ತಂದುಕೊಡಲಾರದು. ರೋಗಿಯಾದ ಮೂರನೆಯದು ತಂದುಕೊಡುತ್ತದೆ.

ಆದ್ದರಿಂದ ಮೂರನೇ ಡಿಸ್ಕನ್ನೇ ವಾಪಸ್ ಸೇರಿಸಿ. ಲಿನಕ್ಸ್ ರೇಡನ್ನು ನಡೆಸುವ ಎಂಡಿ-ಆಡಮ್ ಎಂಬ ತಂತ್ರಾಂಶದಲ್ಲಿ ಸೇರಿಸುವ ಎರಡು ಆಯ್ಕೆಗಳಿವೆ, ಇಲ್ಲಿ ತಪ್ಪಬಾರದು. 'ಆ್ಯಡ್' ಎಂದರೆ ಡಿಸ್ಕನ್ನು ಹೊಸಬನಂತೆ ಸೇರಿಸಿ ಪೂರ್ತಿ ರೀಬಿಲ್ಡ್ ಮಾಡಬಹುದು, ಹಳೆಯ ಸ್ಥಾನದ ಗುರುತೂ ಅಳಿದುಹೋಗುತ್ತದೆ. 'ರೀ-ಆ್ಯಡ್' ಎಂದರೆ ಹಳೆಯ ಸದಸ್ಯನಂತೆ ಕರೆದುಕೊಂಡು, ಅದು ಹೊರಗಿದ್ದಾಗ ಬದಲಾದ ಭಾಗಗಳನ್ನಷ್ಟೇ ತಿದ್ದುತ್ತದೆ. ಇದಕ್ಕೆ ರೇಡ್‌ನಲ್ಲಿ ಬಿಟ್‌ಮ್ಯಾಪ್, ಅಂದರೆ ಯಾವ ಭಾಗ ಬದಲಾಗಿದೆ ಎಂಬ ಗುರುತುಪಟ್ಟಿ, ಇರಬೇಕು; 100 ಗಿಗಾಬೈಟ್‌ಗಿಂತ ದೊಡ್ಡ ರೇಡ್‌ಗೆ ಈಚಿನ ಎಂಡಿ-ಆಡಮ್ ತಾನೇ ಅದನ್ನು ಇಟ್ಟಿರುತ್ತದೆ, ವಿವರ ಕೇಳಿದರೆ ಕಾಣುತ್ತದೆ. ರೀ-ಆ್ಯಡ್ ನಿರಾಕರಿಸಿದರೆ ಬಲವಂತ ಮಾಡಬೇಡಿ. ರೇಡನ್ನು ಹೊಸದಾಗಿ ಕಟ್ಟುವ 'ಕ್ರಿಯೇಟ್' ಆದೇಶವನ್ನಂತೂ ಯಾರು ಹೇಳಿಕೊಟ್ಟರೂ ಕೊಡಬೇಡಿ. ಡಿಸ್ಕ್‌ಗಳ ಕ್ರಮದಲ್ಲೋ ತುಣುಕಿನ ಅಳತೆಯಲ್ಲೋ ಒಂದು ಹೆಚ್ಚುಕಡಿಮೆಯಾದರೂ ಇರುವುದೂ ಕಲಸಿಹೋಗುತ್ತದೆ.

ರೀ-ಆ್ಯಡ್ ಆಗಿ ನಾಲ್ಕೂ ಡಿಸ್ಕ್‌ಗಳು ಸೇರಿದ ಮೇಲೆ ರೇಡ್‌ನ ಪೂರ್ಣ ತಪಾಸಣೆ ನಡೆಸಿ. ಈ ಓಟದಲ್ಲಿ ಮೊದಲನೇ ಡಿಸ್ಕಿನ ಕೆಟ್ಟ ಜಾಗ ಎದುರಾದಾಗ ರೇಡ್ ಉಳಿದ ಮೂರರಿಂದ ಲೆಕ್ಕ ಹಾಕಿ ಅಲ್ಲಿಗೇ ಮತ್ತೆ ಬರೆಯುತ್ತದೆ, ಮೂರನೆಯದರಲ್ಲೂ ಹಾಗೆಯೇ. ಮುಗಿದ ಮೇಲೆ ಎರಡೂ ಡಿಸ್ಕ್‌ಗಳ 197 ಸೊನ್ನೆಗಿಳಿದಿರಬೇಕು. ಬರೆದದ್ದು ಅಲ್ಲೇ ನಿಂತರೆ ಐದನೇ ಸಾಲು ಹಾಗೇ ಇರುತ್ತದೆ, ಜಾಗ ನಿಜವಾಗಿ ಸತ್ತಿದ್ದರೆ ಅದು ಏರುತ್ತದೆ. ಓಟದ ನಡುವೆ 197 ಹತ್ತಾರರಿಂದ ನೂರಾರಕ್ಕೆ ಜಿಗಿಯುವುದು ಕಂಡರೆ ನಿಲ್ಲಿಸಿ, ಆ ಡಿಸ್ಕ್ ಕುಸಿಯುತ್ತಿದೆ.

ಆಗ, ಮತ್ತು ರೀ-ಆ್ಯಡ್ ಕೈಗೂಡದಿದ್ದಾಗ, ಉಳಿದಿರುವುದು ಕೆಟ್ಟ ಡಿಸ್ಕ್‌ಗಳನ್ನು ನಕಲು ಮಾಡುವ ಡಿಡಿ-ರೆಸ್ಕ್ಯೂ ಎಂಬ ತಂತ್ರಾಂಶ. ರೇಡ್ ನಿಲ್ಲಿಸಿ, ಮೊದಲನೇ ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ಹೊಸ ಡಿಸ್ಕಿಗೆ ಸೆಕ್ಟರ್ ಸೆಕ್ಟರ್ ಆಗಿ ನಕಲು ಮಾಡುವುದು. ಅದು ಸುಲಭವಾಗಿ ಓದಲಾಗುವುದನ್ನೆಲ್ಲ ಮೊದಲು ತೆಗೆದುಕೊಂಡು, ಕಷ್ಟದ್ದನ್ನು ಕೊನೆಗೆ ಉಳಿಸುತ್ತದೆ. ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಮುಂದುವರಿಸಬಹುದು. ಆ ಫೈಲನ್ನು ಬೇರೆ ಡಿಸ್ಕಿನಲ್ಲಿಡಿ. ನಕಲಾದ ಡಿಸ್ಕನ್ನು ಮೊದಲನೆಯದರ ಜಾಗದಲ್ಲಿ ಹಾಕಿದರೆ ರೇಡ್ ಅದನ್ನೇ ಮೊದಲನೆಯದೆಂದು ಗುರುತಿಸುತ್ತದೆ. ಮೂಲವನ್ನೂ ನಕಲನ್ನೂ ಒಟ್ಟಿಗೆ ಜೋಡಿಸಬೇಡಿ, ಇಬ್ಬರೂ ಒಂದೇ ಹೆಸರು ಹೇಳುತ್ತಾರೆ. ಅದಾದ ಮೇಲೆ ಎರಡನೇ ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಮಾಡಬಹುದು. ಓದಲಾಗದೆ ಉಳಿದ ಜಾಗ ಒಂದು ಫೈಲನ್ನು ಕೆಡಿಸಿರಬಹುದು. ಈ ರೇಡ್‌ಗೆ ಚೆಕ್‌ಸಮ್ (ಡೇಟಾ ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿ) ಇಲ್ಲದಿರುವುದರಿಂದ ಯಾವುದೆಂದು ಅದು ಹೇಳುವುದಿಲ್ಲ, ಮೊದಲ ನಕಲಿನಲ್ಲಿ ದೋಷ ತೋರಿಸಿದ ಹೆಸರುಗಳ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಚೆಕ್‌ಸಮ್ ಇಡುವ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಆಗಿದ್ದರೆ ಫೈಲಿನ ಹೆಸರನ್ನೇ ಹೇಳುತ್ತಿತ್ತು.

ತಪಾಸಣೆ ಚೆನ್ನಾಗಿ ಮುಗಿಯಿತೆನ್ನಿ. ಎರಡೂ ರೋಗಿಗಳನ್ನು ಆದರೂ ಬದಲಿಸಬೇಕು. ಒಟ್ಟಿಗೇ ಕೊಂಡು 38,000 ಗಂಟೆ, ಅಂದರೆ ನಾಲ್ಕು ವರ್ಷಕ್ಕೂ ಹೆಚ್ಚು, ಒಂದೇ ಪೆಟ್ಟಿಗೆಯಲ್ಲಿ ಬೆಂದ ಡಿಸ್ಕ್‌ಗಳು ಹತ್ತಿರ ಹತ್ತಿರದಲ್ಲೇ ಕೈಕೊಡುವುದು ಹೊಸದೇನಲ್ಲ. ಒಂದು ಸಾಟಾ ಪೋರ್ಟ್ ಖಾಲಿ ಇದ್ದರೆ ಹಳೆಯದನ್ನು ತೆಗೆಯದೆಯೇ ಹೊಸದನ್ನು ಜೋಡಿಸಿ ಎಂಡಿ-ಆಡಮ್‌ನ 'ರಿಪ್ಲೇಸ್' ಬಳಸಿ. ಹಳೆಯದರಿಂದ ನೇರ ನಕಲಾಗುತ್ತದೆ, ಓದಲಾಗದ ಜಾಗವನ್ನು ಮಾತ್ರ ಪ್ಯಾರಿಟಿಯಿಂದ ಕಟ್ಟುತ್ತದೆ, ರಕ್ಷಣೆ ಒಂದು ಕ್ಷಣವೂ ತಪ್ಪುವುದಿಲ್ಲ. ಮೊದಲನೆಯದು ಮೊದಲು, ಆಮೇಲೆ ಮೂರನೆಯದು.

ಹೊಸ ಡಿಸ್ಕ್ ಕೊಳ್ಳುವಾಗ ಎಸ್‌ಎಂಆರ್ ಬಗೆಯದು ಬೇಡ. ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಈ ಡಿಸ್ಕ್‌ಗಳು ರೀಬಿಲ್ಡ್‌ನಂಥ ಎಡೆಬಿಡದ ಬರವಣಿಗೆಯಲ್ಲಿ ತೀರಾ ನಿಧಾನವಾಗಿ, ಕೆಲವೊಮ್ಮೆ ಉತ್ತರವೇ ಕೊಡದೆ ಹೊರಬೀಳುತ್ತವೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಮಾದರಿಗಳು ಈ ಬಗೆಯವು ಎಂಬುದು 2020ರಲ್ಲಿ ಬಯಲಾದಾಗ ದೊಡ್ಡ ಗಲಾಟೆಯೇ ಆಯಿತು, ಹಾಗಾಗಿ ಮಾದರಿ ಸಂಖ್ಯೆ ಹಿಡಿದು 'ಸಿಎಂಆರ್' (ಪಟ್ಟಿಗಳನ್ನು ಹೊದಿಸದೆ ಬರೆಯುವ ಬಗೆ) ಎಂದು ಖಚಿತ ಮಾಡಿಕೊಳ್ಳಿ. ಸೆಕ್ಟರ್‌ಗಳ ಸಂಖ್ಯೆ ಹಳೆಯದಕ್ಕಿಂತ ಒಂದೂ ಕಡಿಮೆ ಇರಬಾರದು. ಹೊರಗಿನ ಯುಎಸ್‌ಬಿ ಪೆಟ್ಟಿಗೆಯಿಂದ ಬಿಚ್ಚಿ ತೆಗೆದ ಡಿಸ್ಕ್ ತಿರುಗದೇ ಇದ್ದರೆ ಕೆಟ್ಟಿದೆ ಎಂದು ಹಿಂತಿರುಗಿಸಬೇಡಿ. ಹೊಸ ಸಾಟಾ ನಿಯಮದಂತೆ ವಿದ್ಯುತ್ ಕನೆಕ್ಟರಿನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಕೆಲವು ಡಿಸ್ಕ್‌ಗಳು ಆಫ್ ಆಗಿಯೇ ಇರುತ್ತವೆ. ಯಾವ ಹೊಸ ಡಿಸ್ಕನ್ನೂ ಉದ್ದ ಪರೀಕ್ಷೆ ಮಾಡದೆ ರೇಡ್‌ಗೆ ಸೇರಿಸಬೇಡಿ.

ರೇಡ್ 6ಕ್ಕೆ ಹೋಗಲೇ ಎಂದು ಮುಂದೆ ಕೇಳುತ್ತೀರಿ. ಹೋಗಬಹುದು, ನಾಲ್ಕರಲ್ಲಿ ಯಾವ ಎರಡು ಕೆಟ್ಟರೂ ತಾಳುತ್ತದೆ. ಆದರೆ ಅದಕ್ಕಿಂತ ಬೇರೆ ಕಡೆ ಇಡಬಲ್ಲ ಬ್ಯಾಕಪ್ ಡಿಸ್ಕ್ ಕೊಳ್ಳುವುದೇ ಮೇಲು ಎಂಬುದು ನನ್ನ ಮತ. ತಪ್ಪಿ ಅಳಿಸಿದ ಫೋಟೋವನ್ನು ರೇಡ್ 6 ಕೂಡ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ತಿಂಗಳಿಗೊಮ್ಮೆ ತಪಾಸಣೆ ನಡೆಯುವಂತೆ ಇಡಿ. ಅದು ನಡೆಯುತ್ತಿದ್ದಿದ್ದರೆ ಮೊದಲನೇ ಡಿಸ್ಕಿನ ಕೆಟ್ಟ ಜಾಗ ಬಹುಶಃ ಆಗಲೇ ಸರಿಹೋಗಿರುತ್ತಿತ್ತು.

ತೆಗೆದ ಎರಡು ಡಿಸ್ಕ್‌ಗಳನ್ನು ಹೊಸ ರೇಡ್‌ನ ಮುಂದಿನ ತಪಾಸಣೆ ಮುಗಿಯುವವರೆಗೆ ಚೀಟಿ ಅಂಟಿಸಿ ಹಾಗೇ ಇಡಿ. ಆಮೇಲೆ ಪೂರ್ತಿ ಸೊನ್ನೆ ಬರೆದು ನೋಡಿ. ಕೇಬಲ್‌ನಿಂದಲೇ ಕೆಟ್ಟ ಹೆಸರು ಹೊತ್ತ ಮೂರನೆಯದು ಐದನೇ ಸಾಲು ಏರದೆ ಇದನ್ನು ಮುಗಿಸಿದರೆ ಸಿನಿಮಾ ಇಡುವುದಕ್ಕೆ ಬಳಸಬಹುದು, ರೇಡ್‌ಗೆ ಮಾತ್ರ ಮತ್ತೆ ಬೇಡ. ವಾರಂಟಿ ಉಳಿದಿದ್ದರೆ ಸೀರಿಯಲ್ ನಂಬರ್ ಕೊಟ್ಟು ವಿಚಾರಿಸಿ, ಅಳಿಸದೆ ಕಳಿಸಬೇಡಿ.